ಮುತ್ತಜ್ಜನನ್ನು ದರೋಡೆಕೋರ ಎಂದ ಪುಸ್ತಕ

ಅಚ್ಚಾದದ್ದೆಲ್ಲ ಖರೆ ಎಂದು ತಲೆಯಾಡಿಸುವವರೇ, ನಿಮಗೆ ಬುದ್ಧಿ ಬರುವುದು ಯಾವಾಗ? ನಿನ್ನೆ ಮೊಮ್ಮಗಳು ಫೋನಿನಲ್ಲಿ ನಮ್ಮ ಹಿರೇಕೆರೂರು ಸೀಮೆಯ ಚರಿತ್ರೆ ಓದಿ ಹೇಳಿದಾಗ ನನಗೆ ಸಾಲಿಯ ಒಂದು ದಿನ ನೆನಪಾಯಿತು.

ಆಗಿನ್ನೂ ಬಿಳಿಯರ ಆಳ್ವಿಕೆ. ಅಂದು ಮಾಸ್ತರರು ಬಿಳಿ ಸಾಹೇಬನೊಬ್ಬನ ಇತಿಹಾಸವನ್ನು ಕನ್ನಡ ಮಾಡಿ ಓದುತ್ತಿದ್ದರು. ಅದರಲ್ಲಿ ನಮ್ಮ ಮುತ್ತಜ್ಜನ ಹೆಸರು ಬಂತು. ಗಲ್ಲಿಗೇರಿದ ದರೋಡೆಕೋರನಂತೆ. ಆದರೆ ಹಿರಿಯರ ಹಬ್ಬಕ್ಕೆ ಮನೆಯಲ್ಲಿ ಮೊದಲ ಎಡೆ ಅವನಿಗೇ ಇಡುತ್ತಿದ್ದರು.

ಮರುದಿನವೇ ಹಬ್ಬ. ನಾನು ಹೇಳಿದ್ದನ್ನು ಕೇಳಿ ಅಪ್ಪ ತನ್ನ ಅವ್ವನ ಹತ್ತಿರ ಓಡಿದ. "ಅವ್ವಾ, ಈ ಸಲ ಅವನ ಎಡಿ ಬ್ಯಾಡ. ಪೊಲೀಸ ಫೌಜದಾರಗ ಗೊತ್ತಾದ್ರ?"

ಬೇಳೆ ಆರಿಸುತ್ತಿದ್ದ ಅಜ್ಜಿ ನನ್ನತ್ತ ತಿರುಗಿದಳು. "ಪುಸ್ತಕಾ ಬರದಾಂವ ಯಾರವಾ?"

"ಬಿಳಿ ಸಾಹೇಬ."

"ಗಲ್ಲಿಗೆ ಹಾಕಿದವ್ರು?"

"ಅವನ ಮಂದೀನ."

"ಮತ್ತ? ಕಣಜದ ಕಥಿ ಇಲಿ ಬರದ್ರ ಬೆಕ್ಕ ಕಳ್ಳ ಆಗತೈತಿ. ನಮ್ಮ ಹೊಲಾ ಕಸಗೊಂಡವ್ರು ಯಾರಂತ ಬರದಾನೇನು?"

ಬರೆದಿರಲಿಲ್ಲ.

ಮರುದಿನ ಅಪ್ಪ ತಲಬಾಗಿಲು ಹಾಕಿ ಬಂದು ಮುತ್ತಜ್ಜನ ಎಡೆಗೆ ಕೈಮುಗಿದ.

ನಿನ್ನೆ ಓದಿದ್ದರಲ್ಲೂ ಅವನು ದರೋಡೆಕೋರನೇ. ಬರೆದವರು ಮಾತ್ರ ಈಗ ನಮ್ಮವರು. ನಿಮ್ಮ ಹಿರಿಯರನ್ನು ಸಾಹೇಬರು ಏನೆಂದು ಬರೆದಿದ್ದಾರೆ, ಮನೆಯವರು ಏನೆನ್ನುತ್ತಾರೆ, ಎರಡನ್ನೂ ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಬರೆದು ತಿಳಿಸಿರಿ.