ಜನರ ಕಡೆ ತಿರುಗಿದ ಮಾನಿಟರ್

ಹೆಂಡತಿಯ ವೈಕುಂಠ ಸಮಾರಾಧನೆ ಮುಗಿದ ಮರುದಿನವೇ ಗಿರಿಧರ ಹಳ್ಳಿಮೈಸೂರಿನ ತನ್ನ ಅಂಗಡಿಯ ಬಾಗಿಲು ತೆಗೆದ. ಹೊಳೆನರಸೀಪುರದಲ್ಲಿ ತಂದೆ ನಡೆಸುತ್ತಿದ್ದ ಟೈಪಿಂಗ್ ಶಾಲೆ ಮುಚ್ಚಿದ ಮೇಲೆ ಅವನು ಹಿಡಿದ ಕೆಲಸವೆಂದರೆ ಹಳ್ಳಿಯವರ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಡುವುದು. 2006ನೇ ಇಸವಿ. ಕಂಪ್ಯೂಟರಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡಿದ್ದ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ತಡಕಾಡಿ ಕಲಿತದ್ದು. ಹೆಂಡತಿ ಹೋದಾಗಿನಿಂದ ಅವನಿಗೆ ಒಮ್ಮೆಯೂ ಅಳು ಬಂದಿರಲಿಲ್ಲ.

ಟೈಪು ಮಾಡುವುದು ಎದುರಿಗೆ ಕೂತವರಿಗೂ ಕಾಣಲೆಂದು ಇನ್ನೊಂದು ಮಾನಿಟರ್ ಇಡುವ ಯೋಚನೆ ಹಳೆಯದು. ಎರಡು ಮಾನಿಟರ್ ನಡೆಸಲೆಂದು ಹಾಸನದಿಂದ ತಂದಿಟ್ಟಿದ್ದ ಗ್ರಾಫಿಕ್ಸ್ ಕಾರ್ಡನ್ನು ಅಂದು ಕೂರಿಸಿದ. ಕಾರ್ಡನ್ನು ನಡೆಸುವ ಡ್ರೈವರ್ ತಂತ್ರಾಂಶ ಹಾಕಿ ಕಂಪ್ಯೂಟರನ್ನು ಮತ್ತೆ ಶುರು ಮಾಡಿದರೆ ಎರಡೂ ಪರದೆ ಕಪ್ಪು. ಬೇರೆ ದಿನವಾಗಿದ್ದರೆ ಬೆವರುತ್ತಿದ್ದ. ಈಗ ಬರೀ ಅಕ್ಷರಗಳ ಪರದೆಗೆ ಹೋಗಿ, ತಪ್ಪುಗಳ ಪಟ್ಟಿಯನ್ನು ಸಾಲುಸಾಲಾಗಿ ಓದಿದ. ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಯದು, ಇವನ ಕಂಪ್ಯೂಟರಿನಲ್ಲಿದ್ದದ್ದು ಹೊಸದು. ಕಾರ್ಡಿನ ಜೊತೆ ಬಂದಿದ್ದ ಸಿ.ಡಿ.ಯಲ್ಲಿದ್ದ ಇನ್ನೊಂದು ಡ್ರೈವರ್ ಹಾಕಿದಾಗ ತನ್ನ ಮಾನಿಟರ್ ಬೆಳಗಿತು. ಎದುರಿನದು ಹಳೆಯದು, ಅಷ್ಟು ದೊಡ್ಡ ಚಿತ್ರ ಅದರಲ್ಲಿ ಮೂಡಲಿಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಎರಡಕ್ಕೂ ಚಿತ್ರದ ಅಳತೆ ಇಳಿಸಿ 1024x768 ಎಂದು ಬರೆದ. ಎರಡರಲ್ಲೂ ಒಂದೇ ಚಿತ್ರ ಬಂತು. ಖುಷಿಯೇನೂ ಆಗಲಿಲ್ಲ.

ಅಷ್ಟು ಹೊತ್ತೂ ಬೆಂಚಿನ ಮೇಲೆ ಕಾದಿದ್ದವಳು ಹಳೇಕೋಟೆಯ ಮಾಯಮ್ಮ. ವಿಧವಾ ವೇತನದ ಅರ್ಜಿ ಬರೆಸಲು ಬಂದಿದ್ದಳು. ಗಿರಿಧರ ಅವಳನ್ನು ಎದುರಿಗೆ ಕೂರಿಸಿ, ಎತ್ತಲೋ ನೋಡುತ್ತ ಟೈಪು ಮಾಡತೊಡಗಿದ.

“ಸ್ವಾಮಿ, ಇದು ನನ್ನೆಸ್ರಲ್ಲ ಕಣ್ರೀ” ಎಂದಳು ಮಾಯಮ್ಮ. “ಓದಕ್ಕೆ ಬರೋದು ನನ್ನೆಸ್ರೊಂದೇ. ಅದ್ರಾಗೆ ಮೂರ್ ಅಕ್ಸರ ಐತೆ. ಇಲ್ಲಿ ಎಲ್ಡೇ ಐತೆ.”

ಗಿರಿಧರ ನೋಡಿದ. ಅರ್ಜಿದಾರರ ಹೆಸರು ಎಂಬಲ್ಲಿ ‘ಹಂಸ’ ಎಂದಿತ್ತು.

“ಯಾರ್ದು ಸ್ವಾಮಿ ಅದು?”

“ನನ್ನ ಹೆಂಡ್ತೀದು. ತೀರ್ಕೊಂಡು ಹದಿನಾಲ್ಕು ದಿನ ಆಯ್ತು.”

ಮಾಯಮ್ಮ ಪರದೆಯಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು. “ನಮ್ ಯಜಮಾನ್ರು ಓಗಿ ಆರ್ ತಿಂಗ್ಳಾತು. ಇವತ್ತು ಬೆಳಿಗ್ಗೇನೂ ಎಲ್ಡು ಲೋಟಕ್ಕೆ ಕಾಪಿ ಸೋಸ್ಬುಟ್ಟೆ. ನಿದಾನಕ್ಕೆ ಬರೀರಿ, ನಂಗೇನ್ ಅವಸ್ರ ಇಲ್ಲ.”

ಅವನು ಆ ಎರಡಕ್ಷರ ಅಳಿಸಿ ಅವಳ ಹೆಸರು ಹಾಕಿದ. ಅವಳು ಪರದೆಯ ಮೇಲೆ ಬೆರಳಿಟ್ಟು ಮೂರನ್ನೂ ಎಣಿಸಿ, ತಲೆಯಾಡಿಸಿದಳು. ಅರ್ಜಿ ಅಚ್ಚಾಯಿತು, ಅವಳು ಮಡಿಸಿಕೊಂಡು ಹೋದಳು.

ಮಧ್ಯಾಹ್ನ ಗಿರಿಧರ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಉಪ್ಪಿಟ್ಟು ತಿಂದ. ಎರಡು ತುತ್ತು ಇಳಿದ ಮೇಲೆ ಉಪ್ಪು ಕಡಿಮೆಯಾಗಿದೆ ಎಂದು ಗೊತ್ತಾಯಿತು. ಇಷ್ಟು ದಿನ ಬಾಯಿಗೆ ಯಾವ ರುಚಿಯೂ ತಿಳಿದಿರಲಿಲ್ಲ. ಉಪ್ಪು ಕೇಳಿ ಹಾಕಿಸಿಕೊಂಡು, ಉಳಿದದ್ದನ್ನು ತಿಂದು ಮುಗಿಸಿದ.