ಮುಂದಿನ ಗಾಲಿ ಎತ್ತಿಸಿದವರು

ಮೊನ್ನೆ ಮೊಮ್ಮಗಳು ಅಂಗಳದಲ್ಲಿ ಕೂತು ತನ್ನ ಗೇರ್ ಸೈಕಲ್ಲಿನ ಟ್ಯೂಬಿಗೆ ಪಂಕ್ಚರ್ ಹಾಕಲೆಂದು ಸಲ್ಯೂಷನ್ ಮುಚ್ಚಳ ತೆರೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಶಿಕಾರಿಪುರದ ಸೈಕಲ್ ಶಾಪಿನ ಸಾಹೇಬರು ನೆನಪಾದರು. ಅವರ ಜೊತೆಗೆ ಹಳೆಯ ಸಿಟ್ಟೂ ಬಂತು.

ಎಪ್ಪತ್ತರ ದಶಕದ ಮಾತು. ನಾನು ಆಗ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಲ್ಲಿ ಹೆರಿಗೆ ನರ್ಸು. ಸುತ್ತಲಿನ ಹಳ್ಳಿಗಳಿಗೆ ಹೋಗಲು ಒಂದು ಹಳೇ ಲೇಡೀಸ್ ಸೈಕಲ್ಲೇ ಗತಿ. ಅದು ಕೆಟ್ಟರೆ ಬಸ್ಸಿನ ಟಾಪಿಗೆ ಹಾಕಿಸಿಕೊಂಡು ಶಿಕಾರಿಪುರದ ನಮ್ಮ ಮನೆಗೆ ಬರುತ್ತಿದ್ದೆ. ಮನೆಯೆದುರೇ ಸಾಹೇಬರ ಶಾಪು.

ಒಂದು ಸಲ ಸೊಟ್ಟಗಾದ ಹ್ಯಾಂಡಲ್ ನೆಟ್ಟಗೆ ಮಾಡಿಸಲು ಹೋದೆ. ಹೇಗಾಯಿತು ಎಂದು ಕೇಳಿದರು. ಹೇಳಿದೆ. ಹೆರಿಗೆಯೊಂದಕ್ಕೆ ಗದ್ದೆ ಬದುವಿನ ಮೇಲೆ ಹೋಗುವಾಗ, ನೀರು ಬಿಡಲು ಕಡಿದಿದ್ದ ಕಂಡಿಯೊಳಗೆ ಮುಂದಿನ ಗಾಲಿ ಇಳಿದು, ನಾನು ಹಾರಿ ಬಿದ್ದಿದ್ದೆ. ಊದಿದ ಮೊಣಕಾಲಿನಲ್ಲಿ ಕುಂಟುತ್ತ ಆ ಮನೆ ಸೇರುವಷ್ಟರಲ್ಲಿ ಮಗು ಹೋಗಿತ್ತು... ಸಾಹೇಬರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಸೈಕಲ್ಲನ್ನೇ ನೋಡುತ್ತ ಕೂತರು.

ಮಾರನೇ ದಿನ ಹೋದರೆ ಸೈಕಲ್ಲಿನ ಗುರುತೇ ಸಿಗಲಿಲ್ಲ! ಹ್ಯಾಂಡಲ್ ನಾಲ್ಕು ಬೆರಳು ಮೇಲೆ ಎತ್ತಿದ್ದರು, ಸೀಟು ಅಷ್ಟೇ ಕೆಳಗಿಳಿಸಿ ಹಿಂದಕ್ಕೆ ಸರಿಸಿದ್ದರು. ಮುಂದಿನ ಬುಟ್ಟಿ ಕಿತ್ತು, ನನ್ನ ಔಷಧದ ಪೆಟ್ಟಿಗೆಗೆ ಹಿಂದೆ ಕ್ಯಾರಿಯರ್ ಮೇಲೆ ಬೆಲ್ಟು ಕಟ್ಟಿದ್ದರು. ಚೈನಿನ ಒಂದು ಜೋಡಿ ಕೊಂಡಿ ತೆಗೆದು ಹಿಂದಿನ ಗಾಲಿಯನ್ನು ಅರ್ಧ ಇಂಚು ಮುಂದಕ್ಕೆ ಎಳೆದಿದ್ದರು. ಗಾಲಿ ಮಡ್‌ಗಾರ್ಡಿಗೆ ತಾಗಿ ಚರಚರ ಸದ್ದು ಬೇರೆ.

"ಹ್ಯಾಂಡಲ್ ನೆಟ್ಟಗೆ ಮಾಡಿ ಅಂದ್ರೆ ಇದೇನ್ರೀ ಸಾಹೇಬ್ರೇ?"

"ಭಾರ ಎಲ್ಲಾ ಹಿಂದೆ ಬರ್ಬೇಕು ನರ್ಸಮ್ಮ. ಆಗ ಮುಂದಿನ ಗಾಲಿ ಹಗೂರಕ್ಕೆ ಏಳ್ತದೆ. ಕಂಡಿ ಬಂದ್ರೆ ಇಳೀಬೇಕಿಲ್ಲ, ಬೀಳೋದೂ ಇಲ್ಲ."

ಮುಂದಿನ ಭಾನುವಾರದಿಂದ ಪಾಠ ಶುರು. ಅಡಿಕೆ ಮಂಡಿಯ ಖಾಲಿ ಅಂಗಳದಲ್ಲಿ ಒಂದು ಗೆರೆ ಎಳೆದು, ಅದರ ಮೇಲೆ ಮುಂದಿನ ಗಾಲಿ ಎತ್ತಿ ದಾಟಿಸಿ ಎನ್ನುತ್ತಿದ್ದರು. "ಪೆಡಲ್ ತುಳೀಬೇಡ್ರಿ. ಕಾಲೆರಡೂ ಸಮ ಇಡ್ರಿ. ಕೈ ಚಾಚ್ರಿ, ಸೊಂಟ ಹಿಂದಕ್ಕೆ ಒಗೀರಿ. ಹೆಚ್ಚು ಎದ್ರೆ ಹಿಂದಿನ ಬ್ರೇಕ್ ಮುಟ್ರಿ, ಕೆಳಗಿಳೀತದೆ." ಹಮಾಲರೆಲ್ಲ ಮೂಟೆಗಳ ಮೇಲೆ ಕೂತು ನೋಡುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ ಸರ್ಕಾರಿ ನರ್ಸು ನಾನು... ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ.

"ನಾನೇನು ಸರ್ಕಸ್ಸಿಗೆ ಸೇರ್ತೀನಾ?" ಎಂದು ರೇಗಿದೆ.

"ಸರ್ಕಸ್ಸಿನೋರಿಗೆ ಕೆಳಗೆ ಬಲೆ ಇರ್ತದೆ. ನಿಮಗೇನದೆ? ಇನ್ನೊಮ್ಮೆ ಮಾಡ್ರಿ."

ಪ್ರತಿ ಸಲ ಬಂದಾಗಲೂ ಇದೇ. ಬ್ರೇಕಿನ ರಬ್ಬರು ಬದಲಿಸುವುದು, ಸೀಟು ಇನ್ನೂ ಒಂದು ಬೆರಳು ಇಳಿಸುವುದು. ಕುಪ್ಪಗಡ್ಡೆಗೆ ಹೋಗಿ ನಾನೇ ಸೀಟು ಏರಿಸಿಕೊಂಡರೆ, ಮುಂದಿನ ಸಲ ಅವರು ಮತ್ತೆ ಇಳಿಸುತ್ತಿದ್ದರು. ಇಳಿದ ಸೀಟಿನಲ್ಲಿ ತುಳಿದು ತುಳಿದು ನನ್ನ ತೊಡೆ ಹಿಡಿದುಕೊಂಡದ್ದು ಅವರಿಗೆ ಲೆಕ್ಕಕ್ಕೇ ಇಲ್ಲ.

ಒಂದು ಮಧ್ಯಾಹ್ನ ಕುಬಟೂರಿನ ಕಡೆಯಿಂದ ಒಬ್ಬ ರೈತ ಓಡಿ ಬಂದ. ಹೆಂಡತಿಗೆ ಬೆಳಗಿನಿಂದ ನೋವು, ಮಗು ಅಡ್ಡ ಇದೆಯಂತೆ. ಹತ್ತಿರದ ದಾರಿ ಗದ್ದೆ ಬದುವೇ. ಮೊದಲ ಕಂಡಿ ಕಂಡಾಗ ಕಾಲೆರಡೂ ಸಮ ಇಟ್ಟು ಕೈ ಚಾಚಿದೆ. ಸೊಂಟ ಹಿಂದಕ್ಕೆ ಒಗೆದೆ. ಮುಂದಿನ ಗಾಲಿ ಎದ್ದು ಆಚೆ ದಡಕ್ಕೆ ಕೂತಿತು, ಹಿಂದಿನದು ಧಡಕ್ಕೆಂದು ಹಿಂದೆಯೇ ಬಂತು. ಎರಡು... ಮೂರು... ಆಮೇಲೆ ಎಣಿಸಲಿಲ್ಲ. ಗಂಡ ಇನ್ನೂ ಗದ್ದೆಯ ನಡುವೆ ಓಡುತ್ತಿದ್ದಾಗಲೇ ನಾನು ಆಕೆಯ ಹಾಸಿಗೆಯ ಪಕ್ಕದಲ್ಲಿದ್ದೆ. ಹೊಟ್ಟೆಯ ಮೇಲಿಂದ ಮಗುವನ್ನು ಮೆಲ್ಲಗೆ ತಿರುಗಿಸಲು ಸಾಧ್ಯವಾಯಿತು. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಆಗುತ್ತಿರಲಿಲ್ಲ. ಹೆಣ್ಣು ಮಗು. ತಾಯಿಯೂ ಉಳಿದಳು.

ಶಿಕಾರಿಪುರಕ್ಕೆ ಬಂದವಳು ನೇರ ಶಾಪಿಗೇ ಹೋಗಿ ಹೇಳಿದೆ. ಸಾಹೇಬರು ಕೊನೆಯವರೆಗೆ ಕೇಳಿ, "ಚೈನ್ ಸಡಿಲ ಆಗ್ಲಿಲ್ಲ ಹೌದಿಲ್ಲೋ?" ಅಂದರು. ಅಷ್ಟೇ! ಆದರೆ ಆ ಸಂಜೆ ಅವರ ಮನೆಯಿಂದ ನಮ್ಮ ಮನೆಗೆ ಒಂದು ಬೋಗುಣಿ ಶ್ಯಾವಿಗೆ ಪಾಯಸ ಬಂತು. ಹಬ್ಬವೇನೂ ಇರಲಿಲ್ಲ.

ಮುಂದೆ ನನಗೆ ದೂರದ ಊರಿಗೆ ವರ್ಗವಾಯಿತು, ಮದುವೆಯಾಯಿತು. ನಾಲ್ಕು ವರ್ಷದ ಮೇಲೆ ಬಂದಾಗ ಶಾಪಿಗೆ ಬೀಗ. ಅವರ ಮನೆಗೆ ಹೋದರೆ ಹೆಂಡತಿ ಬಾಗಿಲಿಗೆ ಬಂದು ನನ್ನ ಕೈ ಹಿಡಿದುಕೊಂಡರು. "ಎದೆನೋವು ಎದೆನೋವು ಅಂತ ಹೋಗೇಬಿಟ್ರಮ್ಮ. ನರ್ಸಮ್ಮಂಗೆ ಕಾಗದ ಹಾಕ್ಸೋಣ ಅಂದೆ. ಬ್ಯಾಡ, ಪಾಪ ಅಷ್ಟು ದೂರದಿಂದ ಬರೋಕಾಗಲ್ಲ ಅಂದ್ರು."

ಈಗ ನನಗೆ ಅಂದಿನ ಅವರಿಗಿಂತ ಬಹಳ ಹೆಚ್ಚು ವಯಸ್ಸು. ಆದರೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ಬರೋಕಾಗಲ್ಲ ಎಂದು ಅವರಿಗೆ ಯಾರು ಹೇಳಿದರು? ಒಂದು ಕಾರ್ಡು ಬರೆಸಿದ್ದರೆ ಸಾಕಿತ್ತು. ಬಂದು, ಬೈದು, ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೆ... ಹಟಮಾರಿ ಮನುಷ್ಯ.