ಪೇಟ ಯಾರ ತಲೆಗೆ

ಲಂಡನ್ನಿನ ಹೇಸ್‌ನಲ್ಲಿ ನಮ್ಮ ವಾರ್ಡಿನ ಕೌನ್ಸಿಲರಮ್ಮ ಮನೆಗೆ ಬಂದರೆ, ಹೇಳುವ ಮೊದಲೇ ಬೂಟು ಬಿಚ್ಚಿ ಗೋಡೆಗೆ ಒರಗಿಸಿಡುತ್ತಿದ್ದರು. ಏನು ದೂರಿದರೂ ಒಂದೇ ಮಾತು: "ಅದನ್ನು ನನಗೆ ಬಿಡಿ, ಡಿಯರ್." ಶಾಲೆಯ ಮುಂದೆ ಮಕ್ಕಳು ಲಾರಿಗಳ ನಡುವೆ ಓಡಿ ರಸ್ತೆ ದಾಟುತ್ತಿದ್ದರು. ಅಲ್ಲಿ ಸಿಗ್ನಲ್ ಬೇಕೆಂದು ಕೌನ್ಸಿಲ್‌ನಲ್ಲಿ ಹಟ ಹಿಡಿದ ಆಕೆ, ಅದು ಬರುವವರೆಗೆ ಚಳಿಗಾಲದ ಬೆಳಗುಗಳಲ್ಲಿ ತಾವೇ ನಿಂತು ಮಕ್ಕಳನ್ನು ದಾಟಿಸಿದರು. ಆಕೆಯ ಕಿವಿಗಳು ಕೆಂಪಗಾಗಿರುತ್ತಿದ್ದವು.

ಸಿಗ್ನಲ್ ಬಂದ ವರ್ಷದ ಯುಗಾದಿಗೆ ನಮ್ಮ ಕನ್ನಡ ಸಂಘ ಅವರಿಗೆ ಸನ್ಮಾನ ಇಟ್ಟುಕೊಂಡಿತು. ಗಂಡನ ಜೊತೆ ಬಂದರು. ವೆಂಬ್ಲಿಯಿಂದ ಬಂದಿದ್ದ ಅಧ್ಯಕ್ಷರು ಅವರನ್ನು ಎಂದೂ ಕಂಡಿರಲಿಲ್ಲ. ಕೌನ್ಸಿಲರ್ ಎಂದರೆ ಸೂಟು ತೊಟ್ಟವರೇ ಎಂದುಕೊಂಡು, ಆ ಗಂಡನನ್ನು ವೇದಿಕೆಗೆ ಕರೆದೊಯ್ದು ಶಾಲು ಹೊದಿಸಿ ಮೈಸೂರು ಪೇಟ ತೊಡಿಸಿಯೇಬಿಟ್ಟರು. ಆತ "ನೋ, ನೋ" ಎಂದಷ್ಟೂ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. "ಎಷ್ಟು ಸಂಕೋಚ ನೋಡ್ರಿ ಪಾಪ!" ಎಂದರು ಯಾರೋ.

ಕುಂಕುಮದ ತಟ್ಟೆ ಹಿಡಿದಿದ್ದ ನಾನು ಅಧ್ಯಕ್ಷರ ಕಿವಿಯಲ್ಲಿ, "ಕಾಕಾ, ಅವರಲ್ರೀ, ಕೌನ್ಸಿಲರ್ ಅಂದ್ರ ಅವರ ಹೆಂಡ್ತಿ" ಎಂದೆ.

"ಸುಮ್ನಿರವಾ! ಈಗ ಪೇಟ ಬಿಚ್ಚಿದ್ರ ಮಂದಿ ನಗ್ತಾರ."

ಮುಂದಿನ ಸಾಲಿನಲ್ಲಿ ಆಕೆಯೂ ಚಪ್ಪಾಳೆ ತಟ್ಟುತ್ತಿದ್ದರು. ಬೂಟುಗಳನ್ನು ಸಭಾಂಗಣದ ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಬರೀ ಕಾಲುಚೀಲದ ಆ ಪಾದಗಳನ್ನು ಕಂಡು ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ.

ಎಲ್ಲ ಮುಗಿದ ಮೇಲೆ ಆಕೆ ನನ್ನ ಬಳಿ ಬಂದು, ಕುಂಕುಮದ ತಟ್ಟೆ ತೋರಿಸಿ, "ಇದು ನನಗಾ, ಡಿಯರ್?" ಎಂದು ಹಣೆ ಒಡ್ಡಿದರು. ನಾನು ದೊಡ್ಡ ಚಿಟಿಕೆಯನ್ನೇ ತೆಗೆದು ಇಟ್ಟೆ; ಕುಂಕುಮ ಅವರ ಮೂಗಿನ ಮೇಲೆಲ್ಲ ಉದುರಿತು. ಒರೆಸಲು ಸೆರಗೆತ್ತಿದೆ.

"ಅದನ್ನು ನನಗೆ ಬಿಡಿ" ಎಂದರು. ಒರೆಸಿಕೊಳ್ಳಲಿಲ್ಲ, ಹಾಗೆಯೇ ಎಲ್ಲರ ಮುಂದೆ ನಡೆದು ಬೂಟು ಹಾಕಿಕೊಂಡರು.